ತ್ರೈಮಾಸಿಕದ ಜಮಾ-ಖರ್ಚು

ಧಾರವಾಡದಿಂದ ಮೂರು ತಿಂಗಳಿಗೊಮ್ಮೆ ಬರುವ ಒಂದು ಸಣ್ಣ ಸಾಹಿತ್ಯ ಪತ್ರಿಕೆಯನ್ನು ನಾನು ನಡೆಸುತ್ತೇನೆ. ನಾನು ಹುಟ್ಟುಹಾಕಿದ್ದಲ್ಲ. ನಮ್ಮ ಹಿರಿಯ ಸಂಪಾದಕರು ಕಾಲೇಜಿನಿಂದ ನಿವೃತ್ತರಾಗಿ, ಕಣ್ಣು ಮಂಜಾಗಿ, ಪ್ರೂಫ್ ನೋಡುವುದು ಕಷ್ಟವಾದ ಮೇಲೆ ನನ್ನ ಕೈಗೆ ಬಂತು. ಅದರ ಜೊತೆ ಇನ್ನೆರಡು ಬಂದವು. ಒಂದು, ಚಂದಾದಾರರ ವಿಳಾಸ ಬರೆದಿಟ್ಟ ಉದ್ದನೆಯ ವಹಿ. ಇನ್ನೊಂದು, ಪ್ರೆಸ್ಸಿನ ಬಾಕಿ.

ವಹಿಯಲ್ಲಿ ಹೆಸರುಗಳಿಗೆ ಕೊರತೆ ಇರಲಿಲ್ಲ. ಬೀದರಿನಿಂದ ಸುಳ್ಯದವರೆಗೆ ಓದುಗರಿದ್ದರು. ಮುಂಬಯಿ, ಸೊಲ್ಲಾಪುರ, ಕಾಸರಗೋಡಿನವರೂ ಇದ್ದರು. ಆದರೆ ಬಹಳಷ್ಟು ಹೆಸರುಗಳ ಮುಂದೆ ಕೆಂಪು ಶಾಯಿಯಲ್ಲಿ 'ಆ' ಎಂದು ಬರೆದಿತ್ತು. ಆಜೀವ ಚಂದಾದಾರರು. ಸಾಹಿತ್ಯ ಪತ್ರಿಕೆಗಳ ಕಷ್ಟ ಅರ್ಥವಾಗಬೇಕಾದರೆ ಮೊದಲು ಈ 'ಆ' ಅರ್ಥವಾಗಬೇಕು.

ಒಮ್ಮೆ ಸಾವಿರ ರೂಪಾಯಿ ಕೊಟ್ಟರೆ ಜೀವ ಇರುವವರೆಗೆ ಪತ್ರಿಕೆ ಮನೆಗೆ ಬರುತ್ತದೆ ಎಂಬುದು ಆಜೀವ ಚಂದಾ. ದುಡ್ಡು ಬಂದ ದಿನ ಅದು ದೊಡ್ಡ ಮೊತ್ತ. ಬಂದದ್ದು ನೇರ ಪ್ರೆಸ್ಸಿನ ಬಾಕಿಗೆ ಹೋಗುತ್ತದೆ. ಒಂದೆರಡು ಸಂಚಿಕೆ ಸುಸೂತ್ರವಾಗಿ ಬರುತ್ತವೆ. ಆಮೇಲೆ ಆ ಓದುಗರಿಂದ ಬರುವುದು ಏನೂ ಇಲ್ಲ, ಅವರಿಗೆ ಕಳಿಸುವುದು ಮಾತ್ರ ನಿಲ್ಲುವ ಹಾಗಿಲ್ಲ. ಆ ದುಡ್ಡನ್ನು ಮುಟ್ಟದೆ ಬ್ಯಾಂಕಿನಲ್ಲಿ ಠೇವಣಿ ಇಟ್ಟರೂ ಲೆಕ್ಕ ಕೂಡುವುದಿಲ್ಲ. ಸಾವಿರಕ್ಕೆ ಶೇ. 7ರಂತೆ ಬಡ್ಡಿ ಹಿಡಿದರೆ ವರ್ಷಕ್ಕೆ 70 ರೂಪಾಯಿ. ಅಷ್ಟರಲ್ಲಿ ನಾಲ್ಕು ಸಂಚಿಕೆಯ ಖರ್ಚು ಹುಟ್ಟುವುದಿಲ್ಲ. ಹೀಗೆ ಚಂದಾದಾರರು ಜಾಸ್ತಿ ಆದಷ್ಟೂ ಪತ್ರಿಕೆ ಬಡವಾಗುತ್ತ ಹೋಗುತ್ತದೆ. ಹೊರಗಿನಿಂದ ನೋಡುವವರು 'ಇಷ್ಟು ಜನ ಓದುಗರಿದ್ದೂ ಯಾಕೆ ನಿಂತುಹೋಯಿತು' ಎಂದು ಕೇಳುತ್ತಾರೆ. ಎಷ್ಟೋ ಪತ್ರಿಕೆ ನಿಂತದ್ದು ಓದುಗರಿಲ್ಲದೆ ಅಲ್ಲ. ಈ ವರ್ಷದ ಖರ್ಚಿಗೆ ಈ ವರ್ಷದ ದುಡ್ಡು ಇಲ್ಲದೆ ನಿಂತವು.

ಹಾಗಾಗಿ ನಾವು ಮಾಡಿದ ಮೊದಲ ಕೆಲಸ ಹೊಸ ಆಜೀವ ಚಂದಾ ತೆಗೆದುಕೊಳ್ಳುವುದನ್ನು ನಿಲ್ಲಿಸಿದ್ದು. ಹಳಬರಿಗೆ ಕೊಟ್ಟ ಮಾತು ಹಾಗೇ ಉಳಿಸಿಕೊಂಡೆವು. ಆದರೆ ಒಬ್ಬೊಬ್ಬರಿಗೂ ಕೈಬರಹದಲ್ಲಿ ಒಂದು ಕಾರ್ಡು ಬರೆದೆವು. ಪತ್ರಿಕೆ ತಲುಪುತ್ತಿದೆಯೇ, ವಿಳಾಸ ಅದೇ ಇದೆಯೇ, ಓದುತ್ತಿದ್ದೀರಾ, ಇಷ್ಟೇ. ದುಡ್ಡಿನ ಮಾತು ಅದರಲ್ಲಿ ಇರಲಿಲ್ಲ. ಕೆಲವು ಮನೆಗಳಿಂದ ಮಕ್ಕಳು ಉತ್ತರ ಬರೆದರು. ತಂದೆಯವರು ತೀರಿಕೊಂಡು ಬಹಳ ದಿನವಾಯಿತು, ಪತ್ರಿಕೆ ಬರುತ್ತಿದೆ, ನಿಲ್ಲಿಸಿ ಎನ್ನಲು ಮನಸ್ಸಾಗಲಿಲ್ಲ ಎಂದರು. ಅವರಲ್ಲಿ ಕೆಲವರು ತಂದೆಯ ಹೆಸರಲ್ಲೇ ವಾರ್ಷಿಕ ಚಂದಾ ಕಟ್ಟಿದರು. ಮನೆ ಬದಲಿಸಿದವರ ಪ್ರತಿಗಳು ಎಲ್ಲಿಗೆ ಹೋಗುತ್ತಿದ್ದವೋ ಗೊತ್ತಿಲ್ಲ. ಅಂಥ ವಿಳಾಸ ತೆಗೆದದ್ದರಿಂದಲೇ ಪ್ರತಿ ಸಂಚಿಕೆಗೂ ಒಂದಿಷ್ಟು ಕಾಗದ, ಒಂದಿಷ್ಟು ಅಂಚೆ ಉಳಿಯಿತು. ಇನ್ನು ಕೆಲವು ಆಜೀವರು, ಕೇಳದಿದ್ದರೂ, 'ನಾನು ಕೊಟ್ಟ ಸಾವಿರ ಎಂದೋ ಮುಗಿದಿದೆ' ಎಂದು ತಾವಾಗಿಯೇ ಕಳಿಸಿದರು.

ಆಜೀವದ ಜಾಗಕ್ಕೆ ಏನು ತರಬೇಕು ಎಂಬ ಯೋಚನೆಯಲ್ಲಿದ್ದಾಗ ನನಗೆ ದಾರಿ ತೋರಿದ್ದು ದೂರದ ಚಿಕಾಗೊ. 1912ರಲ್ಲಿ ಹ್ಯಾರಿಯೆಟ್ ಮನ್ರೋ ಎಂಬ ಹೆಣ್ಣುಮಗಳು ಅಲ್ಲಿ 'ಪೊಯೆಟ್ರಿ' ಪತ್ರಿಕೆ ಶುರು ಮಾಡಿದರು. ಶುರು ಮಾಡುವ ಮೊದಲು ಊರಿನ ಅನುಕೂಲಸ್ಥರನ್ನು ಒಬ್ಬೊಬ್ಬರನ್ನಾಗಿ ಕಂಡು, ನೂರು ಜನ ವರ್ಷಕ್ಕೆ 50 ಡಾಲರಿನಂತೆ ಐದು ವರ್ಷ ಕೊಡುತ್ತೇವೆ ಎಂಬ ಮಾತು ಪಡೆಯಲು ಓಡಾಡಿದರು. ಒಂದೇ ಸಲ ದೊಡ್ಡ ಮೊತ್ತ ಕೇಳಲಿಲ್ಲ, ಜೀವನಪೂರ್ತಿ ಕೊಡಿ ಎಂದೂ ಕೇಳಲಿಲ್ಲ. ಕೊಡುವವರಿಗೆ ಇದು ಎಂದು ಮುಗಿಯುತ್ತದೆ ಎಂದು ಗೊತ್ತು. ನಡೆಸುವವರಿಗೆ ಮುಂದಿನ ವರ್ಷ ಎಷ್ಟು ಬರುತ್ತದೆ ಎಂದು ಗೊತ್ತು. ಆ ಪತ್ರಿಕೆ ಇಂದಿಗೂ ಬರುತ್ತಿದೆ. ನಾವು ನೂರು ಜನರನ್ನು ಹುಡುಕಲಿಲ್ಲ, ಅಷ್ಟು ದೊಡ್ಡ ಮೊತ್ತವನ್ನೂ ಕೇಳಲಿಲ್ಲ. ಕಟ್ಟಳೆ ಮಾತ್ರ ಅದನ್ನೇ ಇಟ್ಟುಕೊಂಡೆವು. ಐದು ವರ್ಷ, ಪ್ರತಿ ಯುಗಾದಿಗೆ ಒಮ್ಮೆ, ಮೊದಲೇ ಒಪ್ಪಿದ ಮೊತ್ತ. ಒಪ್ಪಿದವರಲ್ಲಿ ವೈದ್ಯರಿದ್ದಾರೆ, ವಕೀಲರಿದ್ದಾರೆ, ನಿವೃತ್ತ ಬ್ಯಾಂಕ್ ನೌಕರರು ಜಾಸ್ತಿ ಇದ್ದಾರೆ. ಅಮೆರಿಕದಲ್ಲಿರುವ ನಮ್ಮೂರ ಒಬ್ಬ ಹುಡುಗನೂ ಇದ್ದಾನೆ. ಅವನ ಪಾಲನ್ನು ಅವನ ತಾಯಿ ಕೊಡುತ್ತಾರೆ, ಯಾಕೆಂದರೆ ಹೊರದೇಶದ ದುಡ್ಡು ಪಡೆಯುವ ಕಾಗದಪತ್ರದ ತಲೆನೋವು ಸಣ್ಣ ಪತ್ರಿಕೆಗೆ ಬೇಡ.

ಇನ್ನು ಖರ್ಚಿಗೆ ಬರುತ್ತೇನೆ. ಹೊಸದಾಗಿ ಪತ್ರಿಕೆ ಮಾಡಬೇಕೆನ್ನುವ ಗೆಳೆಯರು ಕೇಳಿದಾಗೆಲ್ಲ ನಾನು ಹೇಳುವುದು, ಮೊದಲು ಕಾಗದದ ಲೆಕ್ಕ ಕಲಿಯಿರಿ ಎಂದು. ನಮ್ಮದು ಡೆಮಿ 1/8 ಆಕಾರ, ಅಂದರೆ ಸಾಮಾನ್ಯ ಪುಸ್ತಕದ ಗಾತ್ರ. ಒಂದು ಫಾರಂ ಎಂದರೆ 16 ಪುಟ. 23x36 ಇಂಚಿನ ಒಂದು ಹಾಳೆಯಲ್ಲಿ ಎರಡೂ ಬದಿ ಸೇರಿ 32 ಪುಟ ಬರುತ್ತವೆ. 80 ಪುಟದ ಪತ್ರಿಕೆಗೆ ಎರಡೂವರೆ ಹಾಳೆ ಬೇಕು. 800 ಪ್ರತಿಗೆ 2000 ಹಾಳೆ, ಅಂದರೆ ನಾಲ್ಕು ರೀಮು, ಮೇಲೆ ಯಂತ್ರದಲ್ಲಿ ಹಾಳಾಗುವ ಒಂದಿಷ್ಟು. 80 ಪುಟ ಮೀರಿ ಒಂದು ಕವಿತೆ ಉಳಿದರೆ ಸುಮ್ನೆ ಎರಡು ಪುಟ ಸೇರಿಸಲು ಆಗುವುದಿಲ್ಲ. ಇನ್ನೊಂದು ಫಾರಂ, ಕಡೇಪಕ್ಷ ಅರ್ಧ ಫಾರಂ ಏರಿಸಬೇಕು, ಅದಕ್ಕೆ ಬೇರೆ ಪ್ಲೇಟು ಹಾಕಬೇಕು. ಲೇಖನ ಚೆನ್ನಾಗಿದೆ ಎಂದು ಉದ್ದಕ್ಕೆ ಬಿಡಬೇಕೋ ಬೇಡವೋ ಎಂಬ ನಿರ್ಧಾರದ ಹಿಂದೆ ಇಂಥ ಲೆಕ್ಕ ಇರುತ್ತದೆ ಎಂದು ಬರೆಯುವವರಿಗೆ ಗೊತ್ತಿರುವುದಿಲ್ಲ. ಗೊತ್ತಿರಬೇಕಾಗಿಯೂ ಇಲ್ಲ. ಆ ಭಾರ ಸಂಪಾದಕರದು.

ಕಾಗದ 70 ಜಿಎಸ್‌ಎಂ ಮ್ಯಾಪ್‌ಲಿಥೊ. ಅಂದರೆ ಒಂದು ಚದರ ಮೀಟರಿಗೆ 70 ಗ್ರಾಂ ತೂಗುವ, ಪುಸ್ತಕಕ್ಕೆ ಬಳಸುವ ಬಿಳಿ ಕಾಗದ. ಈ ಅಂಕಿ ಮುದ್ರಣಕ್ಕಷ್ಟೇ ಸಂಬಂಧಿಸಿದ್ದಲ್ಲ, ಅಂಚೆಗೂ ಸಂಬಂಧಿಸಿದ್ದು. 80 ಪುಟ ಎಂದರೆ ಪತ್ರಿಕೆಯಲ್ಲಿ ಮಗುಚುವ 40 ಸಣ್ಣ ಹಾಳೆ. ಕತ್ತರಿಸಿದ ಮೇಲೆ ಒಂದೊಂದು ಹಾಳೆಯ ತೂಕ ಎರಡು ಗ್ರಾಂಗಿಂತ ಚೂರು ಜಾಸ್ತಿ. ಒಳಪುಟಗಳೇ ಸುಮಾರು 85 ಗ್ರಾಂ ಆಗುತ್ತವೆ. 250 ಜಿಎಸ್‌ಎಂ ಮುಖಪುಟ ಹಾಕಿದರೆ ಇನ್ನು 15. ಅಲ್ಲಿಗೆ ನೂರು ಗ್ರಾಂ ತುಂಬಿತು. ಮೇಲೆ ಸುತ್ತುವ ಕಾಗದ, ವಿಳಾಸದ ಚೀಟಿ ಸೇರಿದರೆ ಗೆರೆ ದಾಟಿತು. ನೂರು ಗ್ರಾಂ ದಾಟಿದರೆ ಅಂಚೆ ದರ ಮುಂದಿನ ಹಂತಕ್ಕೆ ಹೋಗುತ್ತದೆ. ಎರಡು ಗ್ರಾಂ ಜಾಸ್ತಿ ಆದದ್ದಕ್ಕೆ ಇಡೀ ಒಂದು ಹಂತದ ದುಡ್ಡನ್ನು ಪ್ರತಿಯೊಂದು ಪ್ರತಿಗೂ ಕೊಡಬೇಕು, ವರ್ಷಕ್ಕೆ ನಾಲ್ಕು ಸಲ.

ಪ್ರೆಸ್ಸಿನವರು 60 ಜಿಎಸ್‌ಎಂ ಕಾಗದ ಹಾಕಿ ಎಂದರು. ಹಾಕಿ ನೋಡಿದೆವು. ಹಿಂದಿನ ಪುಟದ ಅಕ್ಷರ ಈಚೆಗೆ ಕಾಣುತ್ತದೆ. ಗದ್ಯಕ್ಕೆ ಹೇಗೋ ನಡೆದೀತು. ಕವಿತೆಯ ಸುತ್ತ ಬಿಟ್ಟ ಖಾಲಿ ಜಾಗದಲ್ಲಿ ಹಿಂದಿನ ಪುಟದ ಸಾಲುಗಳ ನೆರಳು ಬಿದ್ದರೆ ಓದುವವರ ಕಣ್ಣು ಅಲ್ಲಿಗೇ ಹೋಗುತ್ತದೆ. ಕೊನೆಗೆ ಒಳಪುಟ 70 ಆಗಿಯೇ ಇರಲಿ ಎಂದು ಮುಖಪುಟವನ್ನು 170ಕ್ಕೆ ಇಳಿಸಿದೆವು. ಸುತ್ತು ಕವರು ಬಿಟ್ಟು ನಡುವೆ ಒಂದು ಕಾಗದದ ಪಟ್ಟಿ ಮಾತ್ರ ಹಾಕಿದೆವು. ಈಗ 97 ಗ್ರಾಂ ಆಸುಪಾಸಿನಲ್ಲಿ ನಿಲ್ಲುತ್ತದೆ. ಮುಖಪುಟ ತೆಳುವಾಯಿತು, ಅಂಗಡಿಯಲ್ಲಿ ನಿಲ್ಲಿಸಿಟ್ಟರೆ ಬಾಗುತ್ತದೆ ಎಂದು ಕೆಲವರು ಬೇಸರ ಪಟ್ಟರು. ನಮ್ಮ ನಿರ್ಧಾರದ ಬಗ್ಗೆ ನನಗೆ ಅನುಮಾನವೇ ಇಲ್ಲ. ಉಳಿಸಬೇಕಾದದ್ದು ಓದುವ ಪುಟವನ್ನು.

ಅಂಚೆಯ ವಿಷಯ ಬಂತು, ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಇಲ್ಲಿ ಸಾಹಿತ್ಯ ಪತ್ರಿಕೆಗೆ ಆಗುತ್ತಾ ಬಂದಿರುವ ಅನ್ಯಾಯ ಹಳೆಯದು. ದಿನಪತ್ರಿಕೆ, ವಾರಪತ್ರಿಕೆಗಳಿಗೆ ಅಂಚೆಯಲ್ಲಿ ದೊಡ್ಡ ರಿಯಾಯಿತಿ ಇತ್ತು. ನೋಂದಾಯಿತ ವೃತ್ತಪತ್ರಿಕೆಯ ಒಂದು ಪ್ರತಿ 50 ಗ್ರಾಂ ಒಳಗಿದ್ದರೆ 25 ಪೈಸೆ ಎಂಬ ದರ ವರ್ಷಗಟ್ಟಲೆ ನಡೆಯಿತು. ಆದರೆ 1898ರ ಅಂಚೆ ಕಾಯ್ದೆ ಆ ಸೌಲಭ್ಯಕ್ಕೆ ಎರಡು ಬೇಲಿ ಹಾಕಿತ್ತು. ಪತ್ರಿಕೆಯಲ್ಲಿ ಬಹುಪಾಲು ಸುದ್ದಿ ಅಥವಾ ಸದ್ಯದ ವಿದ್ಯಮಾನಗಳ ಬರಹ ಇರಬೇಕು. ಎರಡು ಸಂಚಿಕೆಗಳ ನಡುವೆ 31 ದಿನಕ್ಕಿಂತ ಹೆಚ್ಚು ಅಂತರ ಇರಬಾರದು. ಕತೆ, ಕವಿತೆ, ವಿಮರ್ಶೆ ಹಾಕಿ ಮೂರು ತಿಂಗಳಿಗೊಮ್ಮೆ ಬರುವ ಪತ್ರಿಕೆ ಎರಡೂ ಕಡೆ ಹೊರಗೆ. ಒಂದು ಒಳ್ಳೆಯ ವಿಮರ್ಶೆ ಬರೆಸಲು ಮೂರು ತಿಂಗಳು ಬೇಕು. ಆ ನಿಧಾನಕ್ಕೆ ನಾವು ಬೆಲೆ ತೆರುತ್ತ ಬಂದಿದ್ದೇವೆ.

ಹಾಗಾಗಿ ನಮ್ಮಂಥವರಿಗೆ ಉಳಿದದ್ದು ಅಚ್ಚಾದ ಪುಸ್ತಕ, ಪತ್ರಿಕೆ ಕಳಿಸುವ ಬುಕ್ ಪೋಸ್ಟ್. ಎರಡೂ ತುದಿ ತೆರೆದಿರಬೇಕು, ಒಳಗೆ ಪತ್ರ ಇಡಬಾರದು. ಹೋಯಿತೋ ಇಲ್ಲವೋ ಗೊತ್ತಾಗುವುದಿಲ್ಲ. ತಲುಪಿಲ್ಲ ಎಂದು ಫೋನ್ ಬಂದರೆ ಇನ್ನೊಂದು ಪ್ರತಿ ಕಳಿಸಬೇಕು. ಹಿಂದೆ ಹಳೆಯ ಸಂಚಿಕೆಗಳ ಕಟ್ಟು, ವಿಶೇಷಾಂಕಗಳ ಕಟ್ಟು ಕಳಿಸಲು ರಿಜಿಸ್ಟರ್ಡ್ ಬುಕ್ ಪೋಸ್ಟ್ ಇತ್ತು. 2024ರ ಡಿಸೆಂಬರಿನಲ್ಲಿ ಅದು ನಿಂತುಹೋಯಿತು. ಸಣ್ಣ ಪ್ರಕಾಶಕರಿಗೆಲ್ಲ ಅದು ದೊಡ್ಡ ಪೆಟ್ಟು. ಆಮೇಲೆ 2025ರ ಮೇ ತಿಂಗಳಿಂದ ಪುಸ್ತಕ ಕಳಿಸಲು ಅಂಚೆ ಇಲಾಖೆಯ 'ಜ್ಞಾನ ಪೋಸ್ಟ್' ಬಂತು. 300 ಗ್ರಾಂ ವರೆಗೆ 20 ರೂಪಾಯಿ, 5 ಕಿಲೋ ವರೆಗೆ 100 ರೂಪಾಯಿ. ದರ ಒಳ್ಳೆಯದೇ. ಆದರೆ ಅದರ ನಿಯಮದಲ್ಲೇ, ನಿಯತ ಅವಧಿಗೆ ಪ್ರಕಟವಾಗುವ ಪ್ರಕಟಣೆಗಳನ್ನು ಸ್ವೀಕರಿಸುವುದಿಲ್ಲ ಎಂದಿದೆ. ಪುಸ್ತಕಕ್ಕೆ ಜಾಗ ಇದೆ, ಪತ್ರಿಕೆಗೆ ಇಲ್ಲ. ಇಂದಿನ ಎಷ್ಟೋ ಒಳ್ಳೆಯ ಪುಸ್ತಕಗಳ ಮೊದಲ ಅಧ್ಯಾಯ ಪ್ರಕಟವಾದದ್ದು ಪತ್ರಿಕೆಯಲ್ಲೇ ಅಲ್ವಾ? ಈ ಒಂದು ಸಾಲನ್ನು ತೆಗೆದರೆ ಕನ್ನಡದಲ್ಲಷ್ಟೇ ಅಲ್ಲ, ದೇಶದ ಎಲ್ಲ ಭಾಷೆಯ ಸಣ್ಣ ಪತ್ರಿಕೆಗಳೂ ಉಸಿರಾಡುತ್ತವೆ.

ತೆರಿಗೆಯಲ್ಲೂ ಹೀಗೇ ಒಂದು ಗಂಟು ಇದೆ. ಪತ್ರಿಕೆ ಮಾರುವಾಗ ಜಿಎಸ್‌ಟಿ ಇಲ್ಲ. ಕೇಳಲು ಚೆನ್ನಾಗಿದೆ. ಆದರೆ ಕಾಗದ ಕೊಳ್ಳುವಾಗ ಇದೆ. 2025ರ ಸೆಪ್ಟೆಂಬರಿನಲ್ಲಿ ಅದು ಶೇ. 12ರಿಂದ 18ಕ್ಕೆ ಏರಿತು. ನಾವು ಮಾರುವ ವಸ್ತುವಿಗೆ ತೆರಿಗೆ ಇಲ್ಲವಾದ್ದರಿಂದ ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ವಾಪಸ್ ಪಡೆಯುವ ದಾರಿಯೂ ಇಲ್ಲ. ಅಷ್ಟೂ ನಮ್ಮ ಖರ್ಚಿಗೇ ಸೇರುತ್ತದೆ.

ಈಗ ಜಮಾ ಕಡೆಗೆ. ನಮ್ಮ ಪತ್ರಿಕೆ ನಡೆಯುತ್ತಿರುವುದು ಮುಖ್ಯವಾಗಿ ವಾರ್ಷಿಕ ಚಂದಾದಿಂದ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ದಾನಿಗಳ ಮೇಲೆ, ಜಾಹೀರಾತಿನ ಮೇಲೆ, ಸರ್ಕಾರದ ಮೇಲೆ ನಿಂತ ಪತ್ರಿಕೆಗಳು ಆ ಕಂಬ ಸರಿದ ದಿನ ಬಿದ್ದದ್ದನ್ನು ನೋಡಿದ್ದೇನೆ. ಚಂದಾದಾರರು ಒಟ್ಟಿಗೇ ಎದ್ದು ಹೋಗುವುದಿಲ್ಲ. ಒಬ್ಬೊಬ್ಬರಾಗಿ ಹೋಗುತ್ತಾರೆ, ಹೋಗುವ ಮೊದಲು ಮಾತಾಡಿಸಿದರೆ ಬಹುಪಾಲು ಜನ ನಿಲ್ಲುತ್ತಾರೆ.

ಮೊದಲು ಚಂದಾ ಅಂಚೆಯ ಮನಿಯಾರ್ಡರ್, ಅಂದರೆ ಎಂ.ಓ. ಮೂಲಕ ಬರುತ್ತಿತ್ತು. ಎಂ.ಓ. ಫಾರಮಿನ ತುದಿಯಲ್ಲಿ ನಾಲ್ಕು ಸಾಲು ಬರೆಯಲು ಜಾಗ ಇರುತ್ತಿತ್ತು. ವಿಳಾಸ ಇರುತ್ತಿತ್ತು. ಹಿರಿಯರು ಆ ತುಂಡುಗಳನ್ನೆಲ್ಲ ದಾರದಲ್ಲಿ ಪೋಣಿಸಿ ಇಟ್ಟಿದ್ದರು. 'ಹೋದ ಸಂಚಿಕೆಯ ಕತೆ ಮನೆಮಂದಿಗೆಲ್ಲ ಓದಿ ಹೇಳಿದೆ' ಎಂದು ಒಬ್ಬ ಶಾಲಾ ಮಾಸ್ತರರು ಬರೆದದ್ದು ಅದರಲ್ಲಿದೆ. ಈಗ ಯುಪಿಐ ಬಂದಿದೆ. ಪತ್ರಿಕೆಯ ಒಳರಕ್ಷಾಪುಟದಲ್ಲಿ ಕ್ಯೂಆರ್ ಕೋಡ್ ಹಾಕಿದ ಮೇಲೆ ಚಂದಾ ಬರುವುದು ಬಹಳ ಸಲೀಸಾಯಿತು. ರಾತ್ರಿ ಹನ್ನೊಂದು ಗಂಟೆಗೆ ಪತ್ರಿಕೆ ಓದಿ ಮುಗಿಸಿದವರು ಅಲ್ಲೇ ಫೋನ್ ತೆಗೆದು ಕಟ್ಟುತ್ತಾರೆ. ತೊಂದರೆ ಏನೆಂದರೆ, ಬರುವುದು ದುಡ್ಡು ಮಾತ್ರ. 'ಮಂಜುನಾಥ ಬಿ, 400 ರೂಪಾಯಿ'. ಯಾವ ಮಂಜುನಾಥ? ನಮ್ಮ ಪಟ್ಟಿಯಲ್ಲೇ ಹಲವು ಮಂಜುನಾಥರಿದ್ದಾರೆ. ಇವರು ಹೊಸಬರೋ ಹಳಬರೋ? ಹೆಂಡತಿಯ ಚಂದಾವನ್ನು ಗಂಡ ಕಟ್ಟಿದ್ದರೆ, ಅಪ್ಪನದನ್ನು ಮಗಳು ಕಟ್ಟಿದ್ದರೆ ಹೆಸರೂ ಹೊಂದುವುದಿಲ್ಲ. ದುಡ್ಡು ಕೊಟ್ಟೂ ಪತ್ರಿಕೆ ಬರದಿದ್ದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ.

ಇದಕ್ಕೆ ನಾವು ಕಂಡುಕೊಂಡ ಉಪಾಯ ಸಣ್ಣದು. ವಿಳಾಸದ ಚೀಟಿಯ ಮೇಲೆ ಹೆಸರಿನ ಪಕ್ಕ ಚಂದಾ ಸಂಖ್ಯೆ, ಕೆಳಗೆ ಚಂದಾ ಮುಗಿಯುವ ತಿಂಗಳು ಅಚ್ಚಾಗಿರುತ್ತದೆ. ದುಡ್ಡು ಕಳಿಸುವಾಗ ಟಿಪ್ಪಣಿಯ ಜಾಗದಲ್ಲಿ ಆ ಸಂಖ್ಯೆ ಒಂದನ್ನು ಬರೆದರೆ ಸಾಕು. ಹೊಸಬರಾದರೆ ಪತ್ರಿಕೆಯ ಫೋನ್ ನಂಬರಿಗೆ ವಾಟ್ಸ್‌ಆ್ಯಪ್‌ನಲ್ಲಿ ಪಿನ್‌ಕೋಡ್ ಸಹಿತ ವಿಳಾಸ. ಯಾರದೆಂದು ತಿಳಿಯದೆ ಉಳಿದ ಮೊತ್ತಗಳನ್ನು ಬೇರೆ ಪುಟದಲ್ಲಿ ಬರೆದಿಟ್ಟು, ಮುಂದಿನ ಸಂಚಿಕೆಯಲ್ಲಿ 'ಈ ದಿನ ಇಷ್ಟು ಕಳಿಸಿದವರು ದಯವಿಟ್ಟು ವಿಳಾಸ ತಿಳಿಸಿ' ಎಂದು ಹಾಕುತ್ತೇವೆ. ಆ ಪುಟ ಈಗ ಬಹುಮಟ್ಟಿಗೆ ಖಾಲಿ.

ನವೀಕರಣಕ್ಕೆ ಫೋನ್ ಮಾಡುವ ಕೆಲಸ ನನ್ನ ಹೆಂಡತಿ ಮತ್ತು ಇಬ್ಬರು ವಿದ್ಯಾರ್ಥಿಗಳದು. ಎಲ್ಲರಿಗೂ ಒಂದೇ ಸಂದೇಶ ಕಳಿಸಿದರೆ ಯಾರೂ ಓದುವುದಿಲ್ಲ. ಹೆಸರು ಹಿಡಿದು ಮಾತಾಡಬೇಕು. ರೋಣದ ಹತ್ತಿರದ ಒಬ್ಬ ರೈತರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದು ಹೀಗೆ: 'ಅಕ್ಕಾರ, ಚಂದಾ ಮುಗದದ ಅಂತ ಮೊದಲ ಹೇಳಬಾರದೇನ್ರಿ? ಪತ್ರಿಕಿ ಬರೂದು ನಿಂತ ಮ್ಯಾಲೆ ನೀವು ಬಂದ್ ಮಾಡೀರಿ ಅನ್ಕೊಂಡಿದ್ದೆ. ಸರಗ ಹೇಳ್ರಿ, ಎರಡ ವರ್ಷದ್ದು ಕೂಡೇ ಕಳಸ್ತೀನಿ ಅಂತ.' ಇಂಥ ಮಾತು ಒಂದು ಸಲ ಕೇಳಿದ ಮೇಲೆ ಕನ್ನಡದಲ್ಲಿ ಓದುವವರಿಲ್ಲ ಎಂಬ ಭಾಷಣ ನನಗೆ ರುಚಿಸುವುದಿಲ್ಲ. ಪತ್ರಿಕೆ ನಿಂತಿದೆ ಎಂದು ಓದುಗರು, ಓದುಗರು ಬಿಟ್ಟರು ಎಂದು ಪತ್ರಿಕೆಯವರು ತಿಳಿದುಕೊಂಡು ಸುಮ್ಮನಾಗುವುದೇ ಹೆಚ್ಚು.

ಓದುಗರ ಮನೆಬಾಗಿಲಿಗೆ ಹೋಗುವುದು ನಮ್ಮ ಕಡೆ ಹೊಸದೇನಲ್ಲ. ಗಳಗನಾಥರು ಅಗಡಿಯ ಆನಂದವನದಿಂದ ಬರುತ್ತಿದ್ದ 'ಸದ್ಬೋಧ ಚಂದ್ರಿಕೆ'ಗೆ ಕಾದಂಬರಿ ಬರೆದು ಓದುಗರನ್ನು ಸೆಳೆದವರು. ತಮ್ಮ ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದವರು. ಧಾರವಾಡದ ಮನೋಹರ ಗ್ರಂಥಮಾಲೆ 1933ರಲ್ಲಿ ಶುರುವಾದಾಗ ಜಿ.ಬಿ. ಜೋಶಿಯವರು ನಂಬಿದ್ದೂ ಚಂದಾದಾರರನ್ನೇ. ವರ್ಷದ ಚಂದಾ ಕಟ್ಟಿದವರ ಮನೆಗೆ ಪುಸ್ತಕ ಹೋಗುತ್ತಿತ್ತು. ಇದೇ ಊರಿನಿಂದ 1964ರಲ್ಲಿ ಚಂದ್ರಶೇಖರ ಪಾಟೀಲ, ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ ಸೇರಿ 'ಸಂಕ್ರಮಣ' ತಂದರು. ಮೂವರೂ ಆಗ ಎಳೆಯರು. ಆಮೇಲೆ ಚಂಪಾ, ಅಂದರೆ ಚಂದ್ರಶೇಖರ ಪಾಟೀಲರು, ಅದನ್ನು ದಶಕಗಟ್ಟಲೆ ಎಳೆದುಕೊಂಡು ಹೋದರು. ಇನ್ನೊಂದು ದಾರಿ 'ಪ್ರಬುದ್ಧ ಕರ್ನಾಟಕ'ದ್ದು. 1919ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದ ಎ.ಆರ್. ಕೃಷ್ಣಶಾಸ್ತ್ರಿಗಳು ಶುರು ಮಾಡಿದ್ದು ಮುಂದೆ ಮೈಸೂರು ವಿಶ್ವವಿದ್ಯಾಲಯದ ಆಶ್ರಯಕ್ಕೆ ಹೋಯಿತು. ವಿಶ್ವವಿದ್ಯಾಲಯ ಇದ್ದರೆ ಹಣದ ಚಿಂತೆ ಕಡಿಮೆ. ಅಂಥ ಆಶ್ರಯ ಎಲ್ಲರಿಗೂ ಸಿಗುವುದಿಲ್ಲ, ಸಿಕ್ಕವರಿಗೆ ತಮ್ಮ ದನಿ ಉಳಿಸಿಕೊಳ್ಳುವ ಕಷ್ಟ ಬೇರೆ.

'ಲಂಕೇಶ್ ಪತ್ರಿಕೆ' ಜಾಹೀರಾತೇ ಇಲ್ಲದೆ ನಡೆಯಲಿಲ್ಲವೇ ಎಂದು ಕೇಳುವವರಿದ್ದಾರೆ. ನಡೆಯಿತು. ಆದರೆ ಅದು ವಾರಪತ್ರಿಕೆ. ರಾಜಕೀಯಕ್ಕಾಗಿ ಕೊಳ್ಳುವ ದೊಡ್ಡ ಓದುಗವರ್ಗ ಇತ್ತು, ಸಾಹಿತ್ಯ ಅದರ ಜೊತೆಯಲ್ಲಿ ಮನೆಗೆ ಹೋಯಿತು. ಬರೀ ಸಾಹಿತ್ಯದ ತ್ರೈಮಾಸಿಕಕ್ಕೆ ಆ ಲೆಕ್ಕ ಹೊಂದುವುದಿಲ್ಲ. ನಮಗೆ ಹತ್ತಿರದ ಮಾದರಿ ವಿವೇಕ ಶಾನಭಾಗರ 'ದೇಶಕಾಲ'. 2005ರಿಂದ ಏಳು ವರ್ಷ ಬಂತು, ಅಚ್ಚುಕಟ್ಟಾಗಿ ಬಂತು, ಹೇಳಿ ನಿಲ್ಲಿಸಿದರು. ಪತ್ರಿಕೆ ನಿಂತದ್ದೆಲ್ಲ ಸೋಲಲ್ಲ ಎಂದು ನನಗೆ ಅನಿಸಿದ್ದು ಅದನ್ನು ನೋಡಿ.

ಅಂಗಡಿಗಳ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಪುಸ್ತಕದಂಗಡಿಯವರು ಮೂರನೇ ಒಂದು ಭಾಗ, ಕೆಲವರು ಅದಕ್ಕಿಂತ ಜಾಸ್ತಿ ಕಮಿಷನ್ ಹಿಡಿಯುತ್ತಾರೆ. ಬಾಡಿಗೆ ಕಟ್ಟಿ ಅಂಗಡಿ ನಡೆಸುವವರಿಗೆ ಅದು ಬೇಕು, ತಪ್ಪೇನಿಲ್ಲ. ಮಾರಾಟವಾಗದ್ದು ಹಿಂದಿರುಗುತ್ತದೆ, ಮಾರಾಟವಾದದ್ದರ ದುಡ್ಡು ಬರಲು ತಿಂಗಳುಗಳೇ ಹಿಡಿಯುತ್ತವೆ. ನಾವು ಈಗ ಧಾರವಾಡ, ಹುಬ್ಬಳ್ಳಿ, ಬೆಂಗಳೂರು, ಶಿವಮೊಗ್ಗದಲ್ಲಿ ನಂಬಿಕೆಯ ಕೆಲವೇ ಅಂಗಡಿಗೆ, ಕೆಲವೇ ಪ್ರತಿ ಇಡುತ್ತೇವೆ. ಅದು ಹೊಸ ಓದುಗರ ಕಣ್ಣಿಗೆ ಬೀಳಲಿಕ್ಕೆ, ಗಳಿಕೆಗೆ ಅಲ್ಲ.

ಗ್ರಂಥಾಲಯ ಇದಕ್ಕಿಂತ ದೊಡ್ಡ ವಿಷಯ. ನಮ್ಮ ರಾಜ್ಯದಲ್ಲಿ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ. 6 ಗ್ರಂಥಾಲಯ ಕರ ಇದೆ. ಮನೆಕಂದಾಯ ಕಟ್ಟುವ ನಾವೆಲ್ಲರೂ ಅದನ್ನು ಕಟ್ಟುತ್ತಿದ್ದೇವೆ. ಆ ಕರ ಸ್ಥಳೀಯ ಸಂಸ್ಥೆಗಳಿಂದ ಸಕಾಲಕ್ಕೆ ಗ್ರಂಥಾಲಯಗಳಿಗೆ ಸೇರುವುದಿಲ್ಲ ಎಂಬ ಕೂಗು ಹಳೆಯದು. ಅದು ಸರಿಯಾಗಿ ಸೇರಿ, ಒಂದೊಂದು ಶಾಖಾ ಗ್ರಂಥಾಲಯವೂ ಕೆಲವು ಸಾಹಿತ್ಯ ಪತ್ರಿಕೆಗೆ ಚಂದಾ ಕಟ್ಟಿದರೆ ನಮ್ಮ ಯಾರಿಗೂ ಕೈಚಾಚುವ ಕೆಲಸ ಇರುವುದಿಲ್ಲ. ಒಂದು ಕಚೇರಿಗೆ ನಾವು ಕಳಿಸಿದ ಬಿಲ್ಲು ಎರಡು ಆರ್ಥಿಕ ವರ್ಷ ದಾಟಿದ ಮೇಲೆ ಪಾಸಾಯಿತು. ಅಷ್ಟರಲ್ಲಿ ಆ ಸಂಚಿಕೆಗಳ ಕಾಗದದ ಸಾಲ ತೀರಿಸಲು ಬೇರೆ ಸಾಲ ಆಗಿತ್ತು. ಅಂದಿನಿಂದ ಅಲ್ಲಿಂದ ಬರುವ ದುಡ್ಡನ್ನು ಬಜೆಟ್ಟಿನಲ್ಲಿ ಸೇರಿಸುವುದಿಲ್ಲ. ಬಂದರೆ ಮೀಸಲು ಖಾತೆಗೆ.

ಜಾಹೀರಾತನ್ನು ವರ್ಷಕ್ಕೊಮ್ಮೆ, ದೀಪಾವಳಿ ಸಂಚಿಕೆಗೆ ಮಾತ್ರ ಕೇಳುತ್ತೇವೆ. ಸಹಕಾರಿ ಸಂಘ, ಬಟ್ಟೆ ಅಂಗಡಿ, ಫೇಡೆ ಅಂಗಡಿ, ಪುಸ್ತಕ ಪ್ರಕಾಶಕರು. ಅವರು ಕೊಡುವುದು ಮಾರಾಟ ಹೆಚ್ಚುತ್ತದೆ ಎಂದಲ್ಲ, ಊರಿನ ಪತ್ರಿಕೆ ಎಂಬ ಅಭಿಮಾನದಿಂದ. ಆ ಅಭಿಮಾನವನ್ನು ವರ್ಷಕ್ಕೆ ನಾಲ್ಕು ಸಲ ಕೇಳಿದರೆ ಅದು ವಸೂಲಿ ಆಗುತ್ತದೆ.

ಬರೆದವರಿಗೆ ಸಂಭಾವನೆ ಕೊಡುತ್ತೀರಾ ಎಂದು ಯುವ ಕತೆಗಾರ್ತಿಯೊಬ್ಬರು ನೇರವಾಗಿ ಕೇಳಿದ್ದರು. ಕೊಡುತ್ತೇವೆ. ಕಡಿಮೆ, ಆದರೆ ಕೊಡುತ್ತೇವೆ. ಕಾಗದದವರಿಗೆ, ಡಿಟಿಪಿ ಮಾಡಿದವರಿಗೆ, ಬೈಂಡಿಂಗಿನವರಿಗೆ, ಅಂಚೆಗೆ ಎಲ್ಲರಿಗೂ ದುಡ್ಡು ಕೊಟ್ಟು ಬರೆದವರ ಹತ್ತಿರ ಮಾತ್ರ ಸಾಹಿತ್ಯ ಸೇವೆ ಎಂದರೆ ಅದು ನ್ಯಾಯವಲ್ಲ. ನಮ್ಮ ಬಜೆಟ್ಟಿನಲ್ಲಿ ಸಂಭಾವನೆಯ ಸಾಲು ಕಾಗದದ ಸಾಲಿಗಿಂತ ಮೇಲೆ ಇದೆ. ಹಿರಿಯ ಲೇಖಕರು ಹಲವರು ಅದನ್ನು ಚಂದಾಕ್ಕೆ ಜಮಾ ಮಾಡಿಕೊಳ್ಳಿ ಎನ್ನುತ್ತಾರೆ. ಹೊಸಬರಿಗೆ ಕೊಟ್ಟ ಐನೂರು ರೂಪಾಯಿ ಅವರ ಮನೆಯಲ್ಲಿ ಅವರ ಬರವಣಿಗೆಗೆ ಸಿಗುವ ಬೆಲೆಯನ್ನು ಬದಲಿಸುತ್ತದೆ. 'ಅವ್ವಗ ಬ್ಯಾಂಕಿನ ಮೆಸೇಜ್ ತೋರ್ಸಿದೆ ಸರ' ಎಂದು ಬಾಗಲಕೋಟೆಯ ಹುಡುಗಿಯೊಬ್ಬಳು ಹೇಳಿದಳು. ಅವಳ ಎರಡನೇ ಕತೆ ಮೊದಲನೆಯದಕ್ಕಿಂತ ಚೆನ್ನಾಗಿತ್ತು.

ಅಚ್ಚು ಬಿಟ್ಟು ಪಿಡಿಎಫ್ ಮಾಡಿ, ಎಲ್ಲ ಖರ್ಚು ಉಳಿಯುತ್ತದೆ ಎನ್ನುವವರು ತುಂಬಾ ಜನ. ನಾನು ಅದಕ್ಕೆ ವಿರೋಧಿಯಲ್ಲ. 'ನುಡಿ' ತಂತ್ರಾಂಶದಲ್ಲಿ ಟೈಪ್ ಆಗಿದ್ದ ಹಳೆಯ ಸಂಚಿಕೆಗಳನ್ನು ಯುನಿಕೋಡಿಗೆ ತಂದು, ಅರ್ಕಾವತ್ತು ಒತ್ತಕ್ಷರಗಳು ಎಲ್ಲೆಲ್ಲೋ ಹೋಗಿದ್ದನ್ನು ಕೂತು ಸರಿ ಮಾಡಿ, ವರ್ಷ ದಾಟಿದ ಸಂಚಿಕೆಗಳನ್ನು ಎಲ್ಲರಿಗೂ ಉಚಿತವಾಗಿ ತೆರೆದಿದ್ದೇವೆ. ಹೊರದೇಶದ ಓದುಗರಿಗೆ ಹೊಸ ಸಂಚಿಕೆಯ ಪಿಡಿಎಫ್ ಚಂದಾ ಇದೆ, ಅಲ್ಲಿಗೆ ಅಚ್ಚಿನ ಪ್ರತಿ ಕಳಿಸುವ ಅಂಚೆ ಖರ್ಚು ಪತ್ರಿಕೆಯ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು. ಆದರೆ ಹೊಸ ಸಂಚಿಕೆಯ ಪಿಡಿಎಫ್ ಸಾಹಿತ್ಯದ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡಿದ ತ್ರೈಮಾಸಿಕದಲ್ಲಿ ನವೀಕರಣ ಕಡಿಮೆಯಾದದ್ದು ನಮ್ಮ ವಹಿಯಲ್ಲೇ ಕಾಣುತ್ತದೆ. ಹಂಚಿದವರು ಪ್ರೀತಿಯಿಂದಲೇ ಹಂಚಿದ್ದು. ಅವರಿಗೆ ಫೋನ್ ಮಾಡಿ ವಹಿಯ ಲೆಕ್ಕವನ್ನು ಹಾಗೇ ಹೇಳಿದೆ. ಈಗ ಅವರೇ ಗುಂಪಿನಲ್ಲಿ ಒಂದು ಕವಿತೆಯ ಚಿತ್ರ ಹಾಕಿ, ಕೆಳಗೆ ಚಂದಾ ವಿವರ ಬರೆಯುತ್ತಾರೆ.

ಲೆಕ್ಕವನ್ನು ಮುಚ್ಚಿಡಬಾರದು ಎಂಬುದು ಇದರಿಂದ ಗಟ್ಟಿಯಾಯಿತು. ವರ್ಷದ ಮೊದಲ ಸಂಚಿಕೆಯ ಕೊನೆಯ ಪುಟದಲ್ಲಿ ಹೋದ ವರ್ಷದ ಜಮಾ-ಖರ್ಚನ್ನು ಅಚ್ಚು ಮಾಡುತ್ತೇವೆ. ಕಾಗದಕ್ಕೆ ಇಷ್ಟು, ಮುದ್ರಣಕ್ಕೆ ಇಷ್ಟು, ಅಂಚೆಗೆ ಇಷ್ಟು, ಲೇಖಕರಿಗೆ ಇಷ್ಟು, ಚಂದಾದಿಂದ ಬಂದದ್ದು ಇಷ್ಟು. ಪ್ರೆಸ್ಸಿನ ಹಳೆಯ ಬಾಕಿ ತೀರುವವರೆಗೂ ಅದು ಸಹ ಆ ಪುಟದಲ್ಲಿ ಇತ್ತು, ವರ್ಷ ವರ್ಷ ಇಳಿಯುತ್ತ ಬಂತು. ಈಗ ಒಂದು ಸಂಚಿಕೆಗೆ ಬೇಕಾಗುವಷ್ಟು ದುಡ್ಡು ಯಾವಾಗಲೂ ಮೀಸಲು ಖಾತೆಯಲ್ಲಿ ಇರುತ್ತದೆ. ಎರಡು ಸಂಚಿಕೆಯಷ್ಟು ಆಗಬೇಕು ಎಂಬುದು ಮುಂದಿನ ಗುರಿ.

ಕಾಗದದ ದರ ಏರಿದ್ದರಿಂದ ಚಂದಾವನ್ನು 400ರಿಂದ 480ಕ್ಕೆ ಏರಿಸುತ್ತಿದ್ದೇವೆ. ವಿದ್ಯಾರ್ಥಿಗಳಿಗೆ ಹಳೆಯ ದರವೇ ಇರುತ್ತದೆ. ಪುಟ 80, ಕಾಗದ 70 ಜಿಎಸ್‌ಎಂ, ಎರಡನ್ನೂ ಇಳಿಸುವುದಿಲ್ಲ. ಮುಂದಿನ ಸಂಚಿಕೆಯ ವಿಳಾಸದ ಚೀಟಿಗಳು ಅಚ್ಚಾಗಿ ಬಂದಿವೆ. ಚಂದಾ ಮುಗಿದವರ ಪಟ್ಟಿ ಹಿಡಿದು ಈ ವಾರ ಫೋನ್ ಮಾಡಲು ಕೂರುತ್ತೇವೆ.